ಕಿಟೆಲ್ ಎಂಬುದು ಯಾವ ಕಸುಬು?

ಪ್ರಶ್ನೆ: ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಅವರ ಹೆಸರಿಗೆ ಅರ್ಥವಿದೆಯೇ? ಶ್ಮಿಟ್ ಎಂದರೆ ಕಮ್ಮಾರ, ಮ್ಯುಲರ್ ಎಂದರೆ ಹಿಟ್ಟಿನ ಗಿರಣಿಯವ ಎಂದು ಓದಿದ್ದೇನೆ. ಹಾಗಾದರೆ ಜರ್ಮನ್ನರ ಅಡ್ಡಹೆಸರೂ ನಮ್ಮ ಜಾತಿಸೂಚಕ ಹೆಸರಿನಂತೆಯೇ?

ಉತ್ತರ: ಕಿಟೆಲ್ ಕಸುಬಲ್ಲ, ಬಟ್ಟೆ. ಕೆಲಸದ ಹೊತ್ತಿನಲ್ಲಿ ಮೇಲೆ ತೊಡುವ ದೊಗಲೆ ನಿಲುವಂಗಿ. ವೈದ್ಯರ ಬಿಳಿ ಕೋಟನ್ನು ಜರ್ಮನ್ನರು ಇಂದಿಗೂ ಕಿಟೆಲ್ ಎನ್ನುತ್ತಾರೆ. ಅದನ್ನು ಹೊಲಿಯುತ್ತಿದ್ದವನಿಗೋ ಸದಾ ತೊಟ್ಟು ತಿರುಗುತ್ತಿದ್ದವನಿಗೋ ಊರವರು ಇಟ್ಟ ಹೆಸರು ವಂಶಕ್ಕೆ ಅಂಟಿರಬೇಕು. ಫರ್ಡಿನಾಂಡ್ ಸುತ್ತಿ ಬಂದ ಹೆಸರು: ಗಾಥರೆಂಬ ಹಳೆಯ ಜರ್ಮಾನಿಕ್ ಜನರೊಂದಿಗೆ ಸ್ಪೇನಿಗೆ ಹೋಗಿ, ಹ್ಯಾಬ್ಸ್‌ಬರ್ಗ್ ಅರಸುಮನೆತನದ ಮೂಲಕ ಜರ್ಮನ್ ನಾಡಿಗೆ ಮರಳಿತು.

ಜಾತಿಯ ಹೋಲಿಕೆ ಕೂಡುವುದಿಲ್ಲ. ಸುಮಾರು 12ನೇ ಶತಮಾನದಿಂದ ಪೇಟೆಗಳಲ್ಲಿ ಅಡ್ಡಹೆಸರುಗಳು ವಂಶಪಾರಂಪರ್ಯವಾಗತೊಡಗಿದವು. ಒಮ್ಮೆ ಗಟ್ಟಿಯಾದ ಮೇಲೆ ಕಮ್ಮಾರನ ಮಗ ದರ್ಜಿಯಾದರೂ ಶ್ಮಿಟ್ಟೇ. ಹೆಸರು ಹೇಳುವುದು ಎಂದೋ ಬಾಳಿದ ಒಬ್ಬ ಹಿರಿಯನ ಸಂಗತಿಯನ್ನು, ಅಷ್ಟೆ.

ನನಗೆ ಕಸುಬಿಗಿಂತ ರುಚಿಸುವುದು ಹೆಸರಿನೊಳಗಿನ ಭೂಗೋಳ. ಕುಂಬಾರನನ್ನೇ ತೆಗೆದುಕೊಳ್ಳಿ: ಪೂರ್ವದಲ್ಲಿ ಟೋಪ್ಫರ್, ದಕ್ಷಿಣದಲ್ಲಿ ಹಾಫ್ನರ್, ಹೆಸ್ಸೆ ಕಡೆ ಆಯ್ಲರ್, ವಾಯವ್ಯದಲ್ಲಿ ಪೋಟರ್. ಶ್ಮಿಟ್ಸ್ ಎಂದು ಬರೆದರೆ ರೈನ್ ತೀರದ ವಾಸನೆ. ಕೊನೆಗೆ ‘ಲೆ’ ಇದ್ದರೆ ನೈಋತ್ಯದ ಶ್ವಾಬಿಯಾ ಕಡೆಯವರೆಂದು ಊಹಿಸಬಹುದು. ಮಾಯರ್ ಮಾತ್ರ ಮೋಸ ಮಾಡುತ್ತದೆ. ಸಾಮಾನ್ಯವಾಗಿ ಅದು ಜಮೀನ್ದಾರನ ಪಾರುಪತ್ಯಗಾರ, ಲ್ಯಾಟಿನ್ ಮೂಲದ್ದು. ಯಹೂದಿ ಮನೆಗಳಲ್ಲಿ ಹಲವೊಮ್ಮೆ ಹೀಬ್ರೂವಿನ ಮೇಯಿರ್.

ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಇರುವುದು ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯಾದಲ್ಲಿ. ಅಲ್ಲಿನ ಹಳ್ಳಿಗರಿಗೆ ಬಹುಕಾಲ ಸ್ಥಿರವಾದ ಅಡ್ಡಹೆಸರೇ ಇರಲಿಲ್ಲ. ಹಾರ್ಮನ ಮಗ ಯಾನ್ ಹಾರ್ಮ್ಸ್, ಅವನ ಮಗ ಯಾನ್ಸೆನ್: ನಮ್ಮ ಇನಿಷಿಯಲ್ಲಿನ ಹಾಗೆ ತಲೆಮಾರಿಗೊಮ್ಮೆ ಬದಲು. 1811ರಲ್ಲಿ, ಆಗ ಆ ನಾಡನ್ನು ಆಳುತ್ತಿದ್ದ ನೆಪೋಲಿಯನ್ ಆಡಳಿತ ಸ್ಥಿರ ಅಡ್ಡಹೆಸರನ್ನು ಕಡ್ಡಾಯ ಮಾಡಿತು. ಜನ ಬೇಗ ಬಗ್ಗಲಿಲ್ಲ.

ನೀವು ಕೇಳದಿದ್ದರೂ, ಹುಟ್ಟುಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಫ್ರೀಡ್ರಿಶ್ ಎಂಬ ಗಂಡುಹೆಸರಿನಲ್ಲಿ ‘ಶಾಂತಿ’ಯೂ ‘ಒಡೆತನ’ವೂ ಇವೆ ನಿಜ, ಎರಡನ್ನೂ ಜೋಡಿಸಿ ‘ಶಾಂತಿಯ ಒಡೆಯ’ ಎನ್ನುವುದು ಹೆಸರಿನ ಪುಸ್ತಕದವರ ಉತ್ಸಾಹ. ಹಿಲ್ಡೆಗುಂಡ್ ಎಂಬ ಹೆಣ್ಣುಹೆಸರಿನ ಎರಡು ತುಂಡುಗಳಿಗೂ ಅರ್ಥ ಯುದ್ಧವೇ, ಜೋಡಿಸಿ ಏನೆನ್ನುವುದು! ಹಳೆಯ ಜರ್ಮಾನಿಕ್ ಹೆಸರುಗಳಲ್ಲಿ ಹಿರಿಯರ ಹೆಸರಿನ ತುಂಡೊಂದನ್ನು ಮಗುವಿಗೆ ದಾಟಿಸುವ ರೂಢಿಯಿತ್ತು. ಪ್ರಾಚೀನ ವೀರಗೀತೆಯೊಂದರಲ್ಲಿ ಅಜ್ಜ ಹೆರಿಬ್ರಾಂಟ್, ಮಗ ಹಿಲ್ಡೆಬ್ರಾಂಟ್, ಮೊಮ್ಮಗ ಹಾದುಬ್ರಾಂಟ್. ಮುಂದೆ ಹೈನ್ರಿಶ್ ಮತ್ತು ಕಾನ್ರಾಡ್ ಎಷ್ಟು ಬಳಕೆಯಾದವೆಂದರೆ, ಅವುಗಳ ಮೊಟಕುರೂಪ ‘ಹಿಂತ್ಸ್ ಮತ್ತು ಕುಂತ್ಸ್’ ಎಂದರೆ ಜರ್ಮನ್ನರಿಗೆ ಇಂದಿಗೂ ‘ಕಂಡಕಂಡವರೆಲ್ಲ’ ಎಂದೇ ಅರ್ಥ.