ಕುರ್ಚಿ ಕೊಟ್ಟರು, ಫೈಲ್ ಕೊಡಲಿಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಂಗವಿಕಲರ ಮೀಸಲಾತಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಗೆ ಸೇರಿದ್ದೇನೆ. ಟೇಬಲ್ಲು, ಕುರ್ಚಿ ಕೊಟ್ಟಿದ್ದಾರೆ, ಒಂದು ಫೈಲ್ ಕೊಟ್ಟಿಲ್ಲ. ಕೇಳಿದರೆ "ನಿಮಗ್ಯಾಕಮ್ಮ ಕಷ್ಟ, ಹಾಜರಿ ಹಾಕಿ ಕೂತ್ಕೊಳ್ಳಿ, ಸಂಬಳ ಬರುತ್ತಲ್ವಾ" ಅಂತಾರೆ ಸೂಪರಿಂಟೆಂಡೆಂಟ್. ಪ್ರೊಬೇಷನ್ ಮುಗಿದಿಲ್ಲ, ಜೋರಾಗಿ ಕೇಳೋಕೆ ಭಯ. ಏನು ಮಾಡಲಿ?
– ಓದುಗರೊಬ್ಬರು, ವಿಜಯನಗರ

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು. ನಿಮ್ಮ ಸೂಪರಿಂಟೆಂಡೆಂಟ್ ಕೆಟ್ಟವರಿರಲಿಕ್ಕಿಲ್ಲ, ಕನಿಕರದಿಂದಲೇ ಹೇಳಿರಬಹುದು. ಆದರೆ ಪರೀಕ್ಷೆ ಬರೆದು ಪಾಸಾಗಿ ಬಂದವರನ್ನು ಸುಮ್ನೆ ಕೂರಿಸುವುದು ಕನಿಕರ ಅಲ್ಲ, ಅನ್ಯಾಯ. ಇವತ್ತು ಫೈಲ್ ನೋಡದಿದ್ದರೆ ನಾಳೆ ಬಡ್ತಿ ಹೊತ್ತಿಗೆ "ಇವರಿಗೆ ಅನುಭವ ಇಲ್ಲ" ಅನ್ನುವವರೂ ಅದೇ ಕಚೇರಿಯವರೇ ಆಗಿರುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂದರೆ ಜನಕ್ಕೆ ಮೀಸಲಾತಿ ಮಾತ್ರ ನೆನಪಾಗುತ್ತದೆ. 34ನೇ ಸೆಕ್ಷನ್ ಪ್ರಕಾರ ಕನಿಷ್ಠ ಶೇ 4, ಅದರಲ್ಲಿ ಶೇ 1 ದೃಷ್ಟಿ ಇಲ್ಲದವರಿಗೆ ಮತ್ತು ಮಂದದೃಷ್ಟಿಯವರಿಗೆ. ಅದು ಒಳಗೆ ಬರುವವರೆಗಿನ ಮಾತು. ಒಳಗೆ ಬಂದ ಮೇಲೆ ನಿಮಗೆ ಬೇಕಾಗಿರುವುದು 20ನೇ ಸೆಕ್ಷನ್. ಅಂಗವಿಕಲ ನೌಕರರಿಗೆ ಕೆಲಸ ಮಾಡಲು ಬೇಕಾದ ಅನುಕೂಲ ಮಾಡಿಕೊಡುವುದು ಸರ್ಕಾರಿ ಕಚೇರಿಯ ಕರ್ತವ್ಯ ಅಂತ ಅದರಲ್ಲಿ ನೇರವಾಗಿ ಬರೆದಿದೆ.

ನಿಮಗೆ ಬೇಕಾದ ಅನುಕೂಲ ದುಬಾರಿಯೂ ಅಲ್ಲ. ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ಒಂದು ಹೆಡ್‌ಫೋನ್ ಸಾಕು. ನಿಜವಾದ ತೊಡಕು ಬೇರೆ ಇದೆ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರ ನೋಡುವವರಿಗೆ ಚೆಂದದ ಕನ್ನಡ, ಆದರೆ ಕಂಪ್ಯೂಟರ್ ಪಾಲಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ, ಹಾಗಾಗಿ ಎನ್‌ವಿಡಿಎ ಅದನ್ನು ಅರ್ಥವಿಲ್ಲದ ಗದ್ದಲದ ಹಾಗೆ ಓದುತ್ತದೆ. ಅದೇ ಪತ್ರ ಯೂನಿಕೋಡ್‌ನಲ್ಲಿದ್ದರೆ, ಅಂದರೆ ಕಂಪ್ಯೂಟರ್ ಕನ್ನಡ ಅಂತಲೇ ಗುರುತಿಸುವ ಅಕ್ಷರಗಳಲ್ಲಿದ್ದರೆ, ಸಲೀಸು. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಯಾರೂ ಹೊಸದೇನೂ ಕಲಿಯಬೇಕಿಲ್ಲ. ಇನ್ನೊಂದು ಕಾಟ ಸ್ಕ್ಯಾನ್ ಮಾಡಿದ ಸುತ್ತೋಲೆ. ಸಹಿ, ಸೀಲು ಹಾಕಿ ಸ್ಕ್ಯಾನ್ ಮಾಡಿದರೆ ಅದು ಬರೀ ಫೋಟೋ, ಎನ್‌ವಿಡಿಎಗೆ ಅಲ್ಲಿ ಓದಲು ಅಕ್ಷರವೇ ಸಿಗುವುದಿಲ್ಲ. ಪ್ರಿಂಟ್ ತೆಗೆಯುವ ಮೊದಲಿನ ಸಾಫ್ಟ್ ಕಾಪಿಯನ್ನೂ ಕಳಿಸಿ ಅಂತ ಕೇಳಿ.

ಬಾಯಿಮಾತಲ್ಲಿ ಕೇಳಬೇಡಿ. 20ನೇ ಸೆಕ್ಷನ್ ಹೆಸರಿಸಿ, ಇಂಥ ತಂತ್ರಾಂಶ, ಯೂನಿಕೋಡ್ ಪ್ರತಿ, ಇಂಥ ವಿಷಯದ ಫೈಲ್‌ಗಳು ಬೇಕು ಅಂತ ಒಂದು ಪುಟದ ಮನವಿ ಬರೆದು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಪ್ರೊಬೇಷನ್ ಇದೆ ಅಂತ ಹೆದರಬೇಡಿ, ಕೆಲಸ ಕೊಡಿ ಅಂತ ಕೇಳುವುದು ತಪ್ಪಲ್ಲ, ಮತ್ತು ಮುಂದೆ ಯಾರಾದರೂ ತಕರಾರು ತೆಗೆದರೆ ಆ ಸೀಲೇ ನಿಮ್ಮ ಪರ ನಿಲ್ಲುತ್ತದೆ. ಆಗಲೂ ಕದಲದಿದ್ದರೆ 23ನೇ ಸೆಕ್ಷನ್ ಪ್ರಕಾರ ನಿಮ್ಮ ಕಚೇರಿಯಲ್ಲಿ ಇರಲೇಬೇಕಾದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅಲ್ಲಿಗೂ ಮುಗಿಯದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರು ಇದ್ದಾರೆ. ಅವರು ಶಿಫಾರಸು ಮಾಡಿದರೆ ಏನು ಕ್ರಮ ಕೈಗೊಂಡಿದ್ದೇವೆ ಅಂತ ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು.

ಪ್ರಶ್ನೆ: ನಮ್ಮಪ್ಪ ಸರ್ಕಾರಿ ಇಲಾಖೆಯಲ್ಲಿ ಡ್ರೈವರ್. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿದೆ. ಸ್ವಯಂ ನಿವೃತ್ತಿ ತಗೊಳ್ಳಿ ಅಂತ ಒತ್ತಾಯ ಮಾಡ್ತಿದ್ದಾರೆ. ಸಹಿ ಮಾಡೋದಾ?
– ಓದುಗರೊಬ್ಬರು, ಯಶವಂತಪುರ

ಉತ್ತರ: ದಯವಿಟ್ಟು ಸಹಿ ಮಾಡಿಸಬೇಡಿ. ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಇದೂ 20ನೇ ಸೆಕ್ಷನ್ನೇ, ನಾಲ್ಕನೇ ಉಪವಿಧಿ. ಮೊದಲು ವೈದ್ಯಕೀಯ ಪ್ರಮಾಣಪತ್ರ ಮಾಡಿಸಿ, ಅದರ ಜೊತೆ ಅಪ್ಪನ ಕೈಯಿಂದಲೇ ಅರ್ಜಿ ಕೊಡಿಸಿ. ಒಮ್ಮೆ ನಿವೃತ್ತಿಗೆ ಸಹಿ ಬಿದ್ದರೆ ಆಮೇಲೆ ಹೋರಾಟ ಬಹಳ ಕಷ್ಟ.

ಪ್ರಶ್ನೆ: ಕಾನೂನು ಓದುತ್ತಿದ್ದೇನೆ, ದೃಷ್ಟಿ ಇಲ್ಲ. ನಾನು ನ್ಯಾಯಾಧೀಶೆ ಆಗಬಹುದಾ?
– ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಖಂಡಿತ ಆಗಬಹುದು. ದೃಷ್ಟಿ ಇಲ್ಲದವರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಟ್ಟಿದ್ದ ಮಧ್ಯಪ್ರದೇಶದ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್ 3ರಂದು ರದ್ದು ಮಾಡಿತು. ಆ ಪ್ರಕರಣ ಶುರುವಾಗಿದ್ದು ಒಬ್ಬ ತಾಯಿ ಬರೆದ ಪತ್ರದಿಂದ. ನೀವು ಈಗಲೇ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿ, ಪರೀಕ್ಷೆಗೆ ಬರೆದುಕೊಡುವವರನ್ನು ಹುಡುಕಿ ಅವರ ಜೊತೆ ಅಭ್ಯಾಸ ಶುರುಮಾಡಿ. ಅರ್ಜಿ ಕರೆದ ಮೇಲೆ ಓಡಾಡಿದರೆ ಟೈಮ್ ಸಾಲುವುದಿಲ್ಲ.