ಮರಿ ಬರುವ ಮೊದಲು ಒಂದು ಬಾಗಿಲು ನೋಡಿಕೊಳ್ಳಿ

ಪ್ರಶ್ನೆ: ರಸ್ತೆಯಲ್ಲಿ ಸಿಕ್ಕ ಎರಡು ತಿಂಗಳ ನಾಯಿಮರಿಯನ್ನು, ಯಾರಾದರೂ ದತ್ತು ತೆಗೆದುಕೊಳ್ಳುವವರೆಗೆ ಫಾಸ್ಟರ್ ಮಾಡಿ ಎಂದು ಪರಿಚಯದ ರೆಸ್ಕ್ಯೂ ತಂಡದವರು ಕೇಳುತ್ತಿದ್ದಾರೆ. ನಮ್ಮದು ಬಾಡಿಗೆ ಮನೆ. ಐದು ವರ್ಷದ ಲ್ಯಾಬ್ರಡಾರ್ ಇದೆ. ಮಗಳಿಗೆ ಖುಷಿ, ಅತ್ತೆಗೆ ಗಾಬರಿ. ಒಪ್ಪಿಕೊಳ್ಳಲೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಒಪ್ಪಿಕೊಳ್ಳಿ. ಆದರೆ ಬಾಗಿಲು ಹಾಕಿಡಬಹುದಾದ ಒಂದು ಜಾಗ ಮನೆಯಲ್ಲಿ ಇರಲೇಬೇಕು. ಪಾರ್ವೊ ಎಂಬ, ನಾಯಿಯಿಂದ ನಾಯಿಗೆ ಹರಡುವ ವೈರಸ್ ತಗುಲಿದ ಮರಿ ಕೆಲವು ದಿನ ಚೆನ್ನಾಗಿಯೇ ಆಡಿಕೊಂಡಿರುತ್ತದೆ. ವಾಂತಿ, ರಕ್ತಭೇದಿ ಆಮೇಲೆ. ಹಾಗಾಗಿ ಎರಡು ವಾರ ಅದನ್ನು ಲ್ಯಾಬ್ರಡಾರ್ ಹತ್ತಿರ ಬಿಡಬೇಡಿ. ದೊಡ್ಡದರ ಬೂಸ್ಟರ್ ಲಸಿಕೆ ಬಾಕಿ ಇದೆಯಾ, ಈಗಲೇ ಪುಸ್ತಕ ತೆಗೆದು ನೋಡಿ. ಮೈಸೂರಿನ ನಮ್ಮ ಮನೆಯಲ್ಲಿ ಹಿತ್ತಲ ಬಚ್ಚಲನ್ನೇ ಇದಕ್ಕೆ ಬಿಟ್ಟಿದ್ದೇನೆ. ಸುಮ್ನೆ ನೀರು ಸುರಿದು ತೊಳೆಯಬಹುದು. ಫಿನೈಲ್ ವಾಸನೆಯನ್ನು ಮಾತ್ರ ನಂಬಬೇಡಿ, ಪಾರ್ವೊ ಅದಕ್ಕೆ ಜಗ್ಗುವುದಿಲ್ಲ. ನೀರು ಬೆರೆಸಿದ ಬ್ಲೀಚ್ ಹಾಕಿ, 10 ನಿಮಿಷ ಬಿಟ್ಟು ತೊಳೆಯಿರಿ. ನೆಲ ಒಣಗಿದ ಮೇಲೆ ಮರಿ ಬಿಡಿ.

ಹಸುವಿನ ಹಾಲು ಬೇಡ, ಭೇದಿ ಗ್ಯಾರಂಟಿ ಎಂದೇ ಇಟ್ಟುಕೊಳ್ಳಿ. ಔಷಧದ ಖರ್ಚು ಯಾರದು, ಮಧ್ಯರಾತ್ರಿ ಯಾರಿಗೆ ಫೋನ್ ಮಾಡಬೇಕು, ಇವನ್ನು ತಂಡದವರಿಂದ ಬರೆಸಿಕೊಳ್ಳಿ. ಅವರಿಗೆ ಬೇಜಾರಾದರೆ ಆಗಲಿ.

ನಿಮ್ಮ ಅತ್ತೆಯವರ ಗಾಬರಿ ತಪ್ಪಲ್ಲ. ಮರಿಗೆ ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಅಷ್ಟರಲ್ಲಿ ಹಲ್ಲು ತಾಗಿ ರಕ್ತ ಬಂದರೆ, 'ಮರಿ ತಾನೇ' ಅನ್ನಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಅಸಲು ಕೆಲಸ. ಅಡಾಪ್ಷನ್ ಪೋಸ್ಟರಿನಲ್ಲಿ ಎಲ್ಲ ಮರಿಗಳೂ 'ತುಂಬಾ ಮುದ್ದು, ತುಂಬಾ ಶಾಂತ', ಅಲ್ವಾ? ನಿಜ ಗೊತ್ತಿರುವುದು ಜೊತೆಯಲ್ಲಿದ್ದವರಿಗೆ ಮಾತ್ರ. ನಮ್ಮಲ್ಲಿದ್ದ ಕಂದು ಹೆಣ್ಣುಮರಿ ಕುಕ್ಕರ್ ಕೂಗಿದರೆ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಅದನ್ನು ಹೇಳಿದ್ದಕ್ಕೆ ಒಂದು ಮನೆಯವರು ಬೇಡ ಎಂದರು. ಮುಂದೆ ಬಂದವರು ನಿವೃತ್ತ ದಂಪತಿ. ಕೇಳಿ ನಕ್ಕು, ಅಡುಗೆಮನೆಯಿಂದ ದೂರದ ಕೋಣೆಯಲ್ಲಿ ಅದಕ್ಕೆ ಜಾಗ ಮಾಡಿದರು. ಮರಿಯ ಸ್ವಭಾವವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸ ಮಗಳಿಗೆ ಕೊಡಿ. ಎಷ್ಟು ಹೊತ್ತಿಗೆ ಏಳುತ್ತದೆ, ಯಾರನ್ನು ಕಂಡರೆ ಬೊಗಳುತ್ತದೆ, ಒಂಟಿಯಾಗಿ ಬಿಟ್ಟರೆ ಎಷ್ಟು ಹೊತ್ತು ಅಳುತ್ತದೆ, ಎಲ್ಲ ಇರಲಿ. ಮರಿಯನ್ನು ಕರೆದುಕೊಂಡು ಹೋಗುವವರಿಗೆ ಆ ಪುಸ್ತಕ ಅವಳೇ ಕೊಡಲಿ.

ಮನೆ ಓನರಿಗೆ ಮಾತ್ರ ಮರಿ ಬರುವ ಮೊದಲೇ ಹೇಳಿಬಿಡಿ.