ತುದಿಯ ಎರಡು ಸ್ಪಿನ್‌ಗಳು ಹೇಗೆ ಜೋಡಿಯಾಗುತ್ತವೆ?

ಸರ್, ಎರಡು ಕಣಗಳು ಹೆಣೆದುಕೊಳ್ಳಬೇಕಾದರೆ ಅವು ಅಕ್ಕಪಕ್ಕ ಇರಬೇಕಲ್ವಾ? ಸ್ಪಿನ್ ಸರಪಳಿಯನ್ನು ಸುಮ್ನೆ ತಣ್ಣಗೆ ಮಾಡಿದರೆ ಎರಡು ತುದಿಗಳು ತಾವಾಗಿಯೇ ಹೆಣೆದುಕೊಳ್ಳುತ್ತವಂತೆ. ನಿಜವಾ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ

ಮಂಗಳೂರಿನ ನನ್ನ ಕ್ಲಾಸಿನಲ್ಲೂ ಪ್ರತಿ ವರ್ಷ ಇದೇ ಪ್ರಶ್ನೆ. ಸ್ಪಿನ್ ಅಂದರೆ ಕಣದಲ್ಲಿರುವ ಪುಟ್ಟ ಅಯಸ್ಕಾಂತದಂಥ ಗುಣ, ಅಂಥವು ಸಾಲಾಗಿ ನಿಂತರೆ ಸ್ಪಿನ್ ಸರಪಳಿ. ಹೆಣಿಗೆ, ಅಂದರೆ ಎಂಟ್ಯಾಂಗಲ್‌ಮೆಂಟ್, ಎರಡು ಕಣಗಳ ಸ್ಥಿತಿಯನ್ನು ಬೇರೆ ಬೇರೆಯಾಗಿ ಹೇಳಲಾಗದಂತೆ ಅವು ಒಂದಾಗಿರುವುದು. ಹೆಚ್ಚಿನದು ಪಠ್ಯದಲ್ಲಿದೆ. ನೀವು ಓದಿದ್ದು ನಿಜ. ಆ ‘ಸುಮ್ನೆ’ ಮಾತ್ರ ಬಿಡಿ.

ಹಾಳೆಯಲ್ಲಿ ಸಾಲಾಗಿ ನಾಲ್ಕು ಚುಕ್ಕಿ ಇಡಿ. ಒಂದೊಂದೂ ಒಂದು ಸ್ಪಿನ್, ಪಕ್ಕದ್ದಕ್ಕೆ ಎದುರು ದಿಕ್ಕು ಹಿಡಿಯಲು ನೋಡುವಂಥದ್ದು. ನಡುವಿನ ಎರಡಕ್ಕೆ ದಪ್ಪ ಗೆರೆ ಎಳೆಯಿರಿ, ಅದರ ಬಲ ಜೆ. ತುದಿಯವಕ್ಕೆ ಸಪೂರ ಗೆರೆ, ಬಲ ಜೆಯ ಹತ್ತನೇ ಒಂದು ಭಾಗ. ಈಗ ನಡುವಿನವೆರಡು ಸೇರಿ ಸಿಂಗ್ಲೆಟ್, ಅಂದರೆ ಎದುರುಬದುರು ದಿಕ್ಕಿನ ಪೂರ್ತಿ ಹೆಣೆದ ಜೋಡಿ, ಆಗುತ್ತವೆ. ಒಂದರ ಜೊತೆ ಪೂರ್ತಿ ಹೆಣೆದುಕೊಂಡ ಸ್ಪಿನ್ ಮೂರನೆಯದರ ಜೊತೆ ಹೆಣೆದುಕೊಳ್ಳಲಾರದು. ಹಾಗಾಗಿ ತುದಿಯವಕ್ಕೆ ಪಕ್ಕದಲ್ಲಿ ಜೊತೆ ಸಿಗುವುದಿಲ್ಲ. ನಡುವಿನ ಜೋಡಿಯನ್ನು ಅವು ಚೂರೇ ಚೂರು ಅಲುಗಿಸುತ್ತವೆ, ಆ ಅಲುಗಾಟದ ಮೂಲಕವೇ ಒಂದಕ್ಕೊಂದು ಸಿಗುತ್ತವೆ. ಎಲ್ಲ ಗೆರೆಯೂ ಒಂದೇ ದಪ್ಪ ಇರುವ ಉದ್ದ ಸರಪಳಿಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ಅಕ್ಕಪಕ್ಕದ ಜೋಡಿಗಳು ಮಾತ್ರ ಹೆಣೆದುಕೊಳ್ಳುತ್ತವೆ. ಸಪೂರ ಗೆರೆಯ ಈ ದಾರಿಯನ್ನು 2006ರಲ್ಲಿ ಭೌತವಿಜ್ಞಾನಿ ಕಾಂಪೋಸ್ ವೆನುತಿ ಮತ್ತು ಸಂಗಡಿಗರು ತೋರಿಸಿದರು.

ಇನ್ನು ಬೆಲೆ. ತುದಿಗಳ ನಡುವೆ ಹುಟ್ಟುವ ಬಲ ಜೆಯ 200ನೇ ಒಂದು ಭಾಗ ಮಾತ್ರ. ಈ ಬಲವನ್ನು ಉಷ್ಣತೆಯ ಲೆಕ್ಕದಲ್ಲಿ, ಪರಮ ಶೂನ್ಯದಿಂದ ಎಣಿಸುವ ಕೆಲ್ವಿನ್‌ನಲ್ಲಿ, ಹೇಳುವುದು ರೂಢಿ: ಜೆ 100 ಕೆಲ್ವಿನ್‌ನಷ್ಟಿದ್ದರೆ ಇದು ಅರ್ಧ ಕೆಲ್ವಿನ್. ಉಷ್ಣತೆ ಸುಮಾರು 0.45 ಕೆಲ್ವಿನ್ ದಾಟಿತೋ, ತುದಿಗಳ ಹೆಣಿಗೆ ಪೂರ್ತಿ ಹೋಯಿತು. ದ್ರವ ಹೀಲಿಯಂ ಕುದಿಯುವುದೇ 4.2 ಕೆಲ್ವಿನ್‌ನಲ್ಲಿ, ಅದರಲ್ಲಿ ಅದ್ದಿಟ್ಟರೂ ಸಾಲದು. ಸಪೂರ ಗೆರೆಯನ್ನು ದಪ್ಪ ಮಾಡಿದರೆ ಅಷ್ಟು ಚಳಿ ಬೇಡ, ಆದರೆ ತುದಿಯವು ಪಕ್ಕದವರ ಜೊತೆ ಸೇರಿ ಹೆಣಿಗೆ ಸಡಿಲವಾಗುತ್ತದೆ. ಗೆರೆ ಸಪೂರ, ದಪ್ಪ, ಸಪೂರ ಎಂದು ಸರಪಳಿ ಉದ್ದವಾದಂತೆ ತುದಿಗಳ ಬಲ ಇನ್ನೂ ಬೇಗ ಕುಗ್ಗುತ್ತದೆ. ‘ದೂರದ ಹೆಣಿಗೆ ಸಿಕ್ಕಿತು’ ಎಂದು ಬರೆದು ಉಷ್ಣತೆ ಬರೆಯದ ಪ್ರಾಜೆಕ್ಟಿಗೆ ನಾನು ಸಹಿ ಹಾಕುವುದಿಲ್ಲ. ನೂರು ಸ್ಪಿನ್‌ಗೆ ಹಾರಬೇಡಿ. ನಾಲ್ಕರದ್ದು 16 ಸಾಲಿನ ಮ್ಯಾಟ್ರಿಕ್ಸ್, ಮೊದಲು ಅದನ್ನು ನೀವೇ ಬಿಡಿಸಿ.

ಇದರಿಂದ ಬೆಳಕಿಗಿಂತ ಬೇಗ ಸುದ್ದಿ ಕಳಿಸಬಹುದಾ? – ಪುತ್ತೂರಿನ ಓದುಗರು

ಆಗುವುದಿಲ್ಲ. ಹೆಣಿಗೆಯೊಂದರಿಂದಲೇ ಒಂದಕ್ಷರವೂ ಹೋಗದು.

‘ಕ್ವಾಂಟಮ್ ಪೆಂಡೆಂಟ್’ ಹಾಕಿದರೆ ಮಂಡಿನೋವು ಇಳಿಯುತ್ತದಾ? – ಕುಂದಾಪುರದ ಓದುಗರು

ಮೋಸ. ಅದನ್ನು ಮಾರುವವರಿಗೆ ಕ್ವಾಂಟಮ್ಮೂ ಗೊತ್ತಿಲ್ಲ, ಮಂಡಿಯೂ ಗೊತ್ತಿಲ್ಲ. ಮಂಡಿಯನ್ನು ಮೂಳೆ ಡಾಕ್ಟರಿಗೆ ತೋರಿಸಿ, ಈ ವಾರವೇ.